ತಾರವ್ವನ ಬೀಡಿ ಕಡ್ಡಿ

ಹೋದ ವಾರ ಮೇಜಿನ ಖಾನೆ ಖಾಲಿ ಮಾಡುವಾಗ ಬಿದಿರಿನ ಕಡ್ಡಿಯೊಂದು ಕೈಗೆ ಸಿಕ್ಕಿತು. ಗೇಣುದ್ದವೂ ಇರಲಿಲ್ಲ, ತುದಿ ಸವೆದು ನುಣುಪಾಗಿತ್ತು. ಮೂಗಿನ ಹತ್ತಿರ ಹಿಡಿದೆ. ಇಷ್ಟು ವರ್ಷವಾದರೂ ತಂಬಾಕಿನ ಘಾಟು ಹೋಗಿರಲಿಲ್ಲ. ನಿಪ್ಪಾಣಿಯ ಹೆಂಗಸರು ಬೀಡಿಯ ಬಾಯಿ ಮಡಚಲು ಬಳಸುವ ಕಡ್ಡಿ ಅದು. ನನಗದು ಪಾಠ ಕಲಿಸಿದ ಕಡ್ಡಿ, ಅದೂ ನಾಲ್ಕು ಜನರೆದುರು.

ಎಂಬತ್ತರ ದಶಕದ ಕೊನೆ. ನಾನಾಗ ಚಿಕ್ಕೋಡಿಯಿಂದ ಒಂದು ದಿನಪತ್ರಿಕೆಗೆ ವರದಿ ಕಳಿಸುತ್ತಿದ್ದೆ. ಶಿರಗುಪ್ಪಿಯ ಕಬ್ಬು, ಕೃಷ್ಣೆಯ ಮಹಾಪೂರ, ಗಡಿಯ ಗದ್ದಲ, ಏನೇ ಇರಲಿ, ಹೆಸರು, ಊರು, ವಯಸ್ಸು ತಪ್ಪದಂತೆ ಬರೆಯುವವನೆಂದು ನನ್ನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿತ್ತು. ಸ್ವಲ್ಪ ಹೆಚ್ಚೇ ಇತ್ತೆನ್ನಿ.

ನಿಪ್ಪಾಣಿಯಲ್ಲಿ ತಾರವ್ವ ಎಂಬಾಕೆ ಕಣ್ಣು ಕಾಣದೆ, ಕಿವಿ ಕೇಳದೆ ಬೀಡಿ ಕಟ್ಟುತ್ತಾಳೆಂದು ಯಾರೋ ಹೇಳಿದರು. ಹೋದೆ. ಆಕೆಯ ಅಣ್ಣನ ಹೆಂಡತಿ ಇಂದೂಬಾಯಿಯನ್ನು ಒಂದು ತಾಸು ಪ್ರಶ್ನೆ ಕೇಳಿದೆ. ನಾಲ್ಕನೇ ಇಯತ್ತೆ ಮುಗಿದ ಮೇಲೆ ಜ್ವರ ಬಂದು ಕಿವಿ ಹೋದವಂತೆ. ಇಪ್ಪತ್ತೈದರ ಹೊತ್ತಿಗೆ ಕಣ್ಣೂ. ಎಲ್ಲ ಬರೆದುಕೊಂಡೆ. ತಾರವ್ವ ಎರಡು ಮಾರು ದೂರದಲ್ಲಿ ಬೀಡಿ ಕಟ್ಟುತ್ತಲೇ ಇದ್ದಳು. ‘ಮಾತು ಬಾರದ, ಜಗತ್ತೇ ತಿಳಿಯದ ಬಡಜೀವ’ ಎಂದು ವರದಿ ಅಚ್ಚಾಯಿತು.

ಎಂಟು ದಿನಕ್ಕೆ ಆ ಬಡಜೀವ ಇಂದೂಬಾಯಿಯ ಜೊತೆ ಬಸ್ಸು ಹಿಡಿದು ನನ್ನ ಕಚೇರಿಗೇ ಬಂತು.

“ಪೇಪರಿನವ್ರು ಎಲ್ಲಿ ಅದಾರ? ನಂಗ ಮಾತ ಬರೂದಿಲ್ಲಂತ ಬರದೀರಲ್ರಿ, ಈಗ ಮಾತಾಡಾಕತ್ತಾಕಿ ಯಾರು? ನಮ್ಮಜ್ಜಿ ದೆವ್ವೇನು?”

ಕೆಳಗಿನ ಚಹಾದ ಅಂಗಡಿಯ ಗಿರಾಕಿಗಳೆಲ್ಲ ಮೆಟ್ಟಿಲೇರಿ ಬಂದರು. ನಾನು ಇಂದೂಬಾಯಿಯ ಕಡೆ ತಿರುಗಿ, “ತಪ್ಪಾತಂತ ಹೇಳ್ರಿ ಆಕೀಗೆ,” ಅಂದೆ.

“ಮತ್ತ ನನಗ ಹೇಳ್ತೀರಲ್ರಿ!” ಎಂದಳು ಇಂದೂಬಾಯಿ. “ಅಂಗೈ ಮ್ಯಾಲ ಬರದ್ರ ಓದ್ತಾಳ. ಆಕೀಗೇ ಹೇಳ್ರಿ.”

ಅಷ್ಟು ಜನರೆದುರು ಪರ ಹೆಣ್ಣುಮಗಳ ಕೈ ಮುಟ್ಟುವುದು ಹೇಗೆ? ಗಂಡಸರು ಹಿಂಜರಿಯುವುದು ಅಲ್ಲಿಯೇ ಎಂಬುದು ತಾರವ್ವನಿಗೆ ಗೊತ್ತಿತ್ತು. ತುರುಬಿನಿಂದ ಕಡ್ಡಿ ತೆಗೆದು ಚಾಚಿದಳು. ಅದರ ತುದಿಯಿಂದ ಆಕೆಯ ಅಂಗೈ ಮೇಲೆ ಒಂದೊಂದೇ ಅಕ್ಷರ ಬರೆದೆ: ತಪ್ಪಾಯಿತು.

“ಅಕ್ಷರ ಕೋಳಿ ಕೆದರಿದಂಗ ಅದಾವ. ಇರ್ಲಿ, ತಿಳೀತು. ಮೊದಲಿನ ಸುದ್ದಿ ಎಲ್ಲಿ ಹಾಕಿದ್ರಿ, ಅಲ್ಲೇ ತಿದ್ದಿ ಹಾಕ್ರಿ. ಮೂಲ್ಯಾಗ ಬ್ಯಾಡ.”

ಅಲ್ಲೇ ಹಾಕಿಸಿದೆ.

ಆದರೆ ಆಕೆಗೆ ನಿಜಕ್ಕೂ ಬೇಕಿದ್ದದ್ದು ಒಂದು ಕಾಗದ. ಬೆರಳಿನಿಂದ ಓದುವ ಬ್ರೈಲ್ ಕಲಿಯಬೇಕೆಂಬುದು ಆಕೆಯ ಹಟ. ಅದನ್ನು ಕಲಿಸುವಲ್ಲಿ ಸೇರಲು ಕಣ್ಣು, ಕಿವಿ ಎರಡೂ ಇಲ್ಲವೆಂದು ಡಾಕ್ಟರು ಬರೆದ ಸರ್ಟಿಫಿಕೇಟು ಬೇಕು. ತಪಾಸಣೆಯ ಶಿಬಿರದಲ್ಲೋ ಕಣ್ಣಿಗೊಂದು ಟೇಬಲ್, ಕಿವಿಗೊಂದು. ಕಣ್ಣಿನವರು ಬಾಯಿಂದ ಪ್ರಶ್ನೆ ಕೇಳಿ, ಉತ್ತರ ಬಾರದೆ, ಕಿವಿಯ ಟೇಬಲಿಗೆ ಕಳಿಸುತ್ತಿದ್ದರು. ಕಿವಿಯವರು ಕೈಸನ್ನೆ ಮಾಡಿ, ಈಕೆ ನೋಡುವುದೇ ಇಲ್ಲವೆಂದು ಮರಳಿಸುತ್ತಿದ್ದರು. ಎರಡು ಸಲ ಹೀಗೆ ಬರಿಗೈಯಲ್ಲಿ ಬಂದಿದ್ದಳು. ಯೋಚಿಸಿ ನೋಡಿ: ಕುರುಡರಿಗೆ ಕಿವಿ ಆಸರೆ, ಕಿವುಡರಿಗೆ ಕಣ್ಣು. ಎರಡೂ ಇಲ್ಲದವರಿಗೆ ಇರುವುದು ಅಂಗೈ. ಅದಕ್ಕೊಂದು ಟೇಬಲ್ ಹಾಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಮೂರನೆಯ ಸಲ ಚಿಕ್ಕೋಡಿಯ ಶಿಬಿರಕ್ಕೆ ನಾನೂ ನೋಟುಬುಕ್ಕು ಹಿಡಿದು ಹೋದೆ. ಕಣ್ಣಿನ ಡಾಕ್ಟರು ಎಂದಿನಂತೆ, “ಆ ಟೇಬಲಿಗೆ ಹೋಗಿ,” ಎಂದರು. ಇಂದೂಬಾಯಿ ಅದನ್ನು ಅಂಗೈಯಲ್ಲಿ ಬರೆದಳು. ತಾರವ್ವ ಮೇಜಿನ ಅಂಚನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದಳು.

“ನನ್ನ ಕಣ್ಣೊಂದ ಕಡೆ, ಕಿವಿಯೊಂದ ಕಡೆ ಇಲ್ರಿ ಸಾಹೇಬ್ರ. ಎರಡೂ ಒಂದ ತಲ್ಯಾಗ ಅದಾವ. ನಾ ಏಳೂದಿಲ್ಲ. ನೀವ ಟೇಬಲ್ ಕೂಡಸ್ರಿ!”

ಸಾಲಿನಲ್ಲಿ ನಗೆಯೆದ್ದಿತು. ಅಷ್ಟರಲ್ಲಿ ಕುಡಚಿಯ ಚಾಚಾ ಒಬ್ಬರು ಊರುಗೋಲು ಗೋಡೆಗಿಟ್ಟು, “ಖರೇ ಹೇಳಾಕತ್ತಾಳ್ರೋ, ಹಿಡೀರಿ!” ಎಂದು ಕಿವಿಯ ಟೇಬಲಿಗೆ ಕೈಹಚ್ಚಿದರು. ವರದಿಗಾರ ಸುದ್ದಿಯೊಳಗೆ ಕೈಹಾಕಬಾರದು ಎಂಬುದು ನಮ್ಮ ನಿಯಮ. ನಾನು ನೋಟುಬುಕ್ಕು ಜೇಬಿಗಿಳಿಸಿ ಒಂದು ಮೂಲೆ ಹಿಡಿದೆ. ಟೇಬಲು ಫರಸಿ ನೆಲದ ಮೇಲೆ ಕಿರುಚುತ್ತ ಹೋಗಿ ಇನ್ನೊಂದಕ್ಕೆ ಬಡಿಯಿತು. ಆ ಬಡಿತ ತಾರವ್ವನ ಕೈಗೆ ತಿಳಿಯಿತು, ಮುಖ ಅರಳಿತು.

ಕಣ್ಣಿನ ಡಾಕ್ಟರು ತಾರವ್ವನ ಕಡ್ಡಿ ಇಸಿದುಕೊಂಡು ಆಕೆಯ ಅಂಗೈಯಲ್ಲಿ ಬರೆದರು: ಹೆಸರು?

“ತಾರವ್ವ! ಬರಕೊಳ್ರಿ!”

ಒಂದೇ ಕಾಗದ, ಇಬ್ಬರು ಡಾಕ್ಟರರ ಸಹಿ. ತಾರವ್ವ ಅದನ್ನು ಮೂಸಿ, “ಶಾಯಿ ಇನ್ನಾ ಹಸೀ ಐತಿ,” ಎಂದು ಊದಿ ಒಣಗಿಸಿದಳು. ಹೊರಡುವಾಗ ಕಡ್ಡಿ ನನ್ನ ಕೈಗಿಟ್ಟಳು. “ನಂಗ ಮತ್ತೊಂದ ಐತಿ. ಯಾರನ್ನ ಕೇಳಬೇಕು ಅನ್ನೂದು ಮರತ್ರ, ಇದನ್ನ ನೋಡ್ರಿ.”

ಆ ಟೇಬಲುಗಳನ್ನು ಸಂಜೆತನಕ ಯಾರೂ ಅಗಲಿಸಲಿಲ್ಲ. ಮುಗಳಖೋಡದ ಒಬ್ಬ ತಾಯಿ ತನ್ನ ಮಗಳನ್ನು ಅಲ್ಲಿಗೇ ಕರೆತಂದಳು. ಆ ಮಗುವಿಗೂ ಎರಡೂ ಇರಲಿಲ್ಲ. ತಾರವ್ವ ಬ್ರೈಲ್ ಕಲಿತಳು. ತೊಂಬತ್ತರ ದಶಕದುದ್ದಕ್ಕೂ ರಾಯಬಾಗ, ಅಥಣಿ, ಕಾಗವಾಡದ ಊರೂರು ಸುತ್ತಿ, ಮೂಲೆಯಲ್ಲಿ ಕೂಡಿಸಿದ್ದ ಇಂಥವರನ್ನು ಹುಡುಕಿ, ಮನೆಯವರಿಗೆ ಅಂಗೈಬರಹ ಕಲಿಸಿದಳು.

ಮೊನ್ನೆ ರವಿವಾರ ನಿಪ್ಪಾಣಿಯಲ್ಲಿ ಆಕೆಗೆ ಸನ್ಮಾನ. ಕಡ್ಡಿ ಜೇಬಿನಲ್ಲಿಟ್ಟುಕೊಂಡು ಹೋದೆ. ತಾರವ್ವ ತನ್ನ ಭಾಷಣವನ್ನು ಬೆರಳಿನಿಂದ ಓದಿದಳು, ಮೈಕು ಬೇಡವೆಂದಳು, ಬೇಕಾಗಿಯೂ ಇರಲಿಲ್ಲ. ಆಮೇಲೆ ಪತ್ರಿಕೆಯ ಹೊಸ ವರದಿಗಾರ್ತಿಯೊಬ್ಬಳು ನನ್ನ ಬಳಿ ಬಂದು ಕೇಳಿದಳು: “ಅಜ್ಜಾರ, ಅವರಿಗೆ ಈಗ ಏನ ಅನಸಾಕತ್ತೈತ್ರಿ?”

ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡು ಕಡ್ಡಿ ಕೊಟ್ಟೆ. “ಅವರನ್ನ ಕೇಳವಾ. ಸಾವಕಾಶ ಬರೀ.”

ಹುಡುಗಿ ಪತ್ರಿಕೆಯ ಹೆಸರನ್ನೂ ಪ್ರಶ್ನೆಯನ್ನೂ ಅಂಗೈಯಲ್ಲಿ ಬರೆದಳು. ತಾರವ್ವ ಸಭೆಗೆಲ್ಲ ಕೇಳುವಂತೆ ನಕ್ಕಳು. “ಪೇಪರಿನವ್ರ ಅಕ್ಷರ ಸುಧಾರಿಸ್ಯಾವ ಬಿಡ್ರಿ!” ಎಂದು, ಆ ಹುಡುಗಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು ಹೇಳತೊಡಗಿದಳು.

ಹುಡುಗಿ ಕಡ್ಡಿಯನ್ನು ತನ್ನ ನೋಟುಬುಕ್ಕಿನಲ್ಲಿಟ್ಟುಕೊಂಡು ಹೋದಳು. ನಾನು ಮರಳಿ ಕೇಳಲಿಲ್ಲ. ಖಾನೆಯಲ್ಲಿ ಈಗ ಘಾಟು ಮಾತ್ರ ಉಳಿದಿದೆ.