ಬಾಣಂತಿಯರನ್ನು ಕೆರೆಗೆ ಕರೆದೊಯ್ಯುತ್ತಿದ್ದವರು

ಪವಿತ್ರಾ, ನವೀನ, ನಾವಾಗ ಇದ್ದ ಮತ್ತಿಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲೊಬ್ಬರು ದೊಡ್ಡಮ್ಮ ಇದ್ದರು. ಬೀದಿಯ ಬಾಣಂತಿಯರಿಗೆಲ್ಲ ಕೆರೆಯಲ್ಲಿ ಗಂಗೆಪೂಜೆ ಮಾಡಿಸಿ, ತುಂಬಿದ ಬಿಂದಿಗೆಯೊಂದಿಗೆ ಮನೆ ಸೇರಿಸುತ್ತಿದ್ದವರು ಅವರೇ. "ಗಂಗೆ ತಾಯಿನ ಕಂಡು ಬರಾನ, ನಡಿಯವ್ವ" ಎಂದು ಸೆರಗು ಸಿಕ್ಕಿಸಿಕೊಂಡು ಮುಂದೆ ಹೊರಡುತ್ತಿದ್ದರು.

ನವೀನ ಹುಟ್ಟಿದಾಗ ನಿಮ್ಮಮ್ಮನನ್ನೂ ಕರೆದೊಯ್ದರು; ನಾನೂ ಜೊತೆಗೆ ಹೋಗಿದ್ದೆ. ಕಾರ್ಖಾನೆಗಳ ಕಡೆಯಿಂದ ಬರುವ ಕಾಲುವೆ ಸೇರಿ ಕೆರೆ ಕಪ್ಪಾಗಿತ್ತು. ದಡದ ತುಂಬ ನೊರೆ. ಬಿಂದಿಗೆ ಮುಳುಗಿಸಲು ಬಗ್ಗಿದ ನಿಮ್ಮಮ್ಮನ ಕೈಯನ್ನು ದೊಡ್ಡಮ್ಮ ಹಿಡಿದುಕೊಂಡರು.

"ಮುಟ್ಬೇಡ ಕಣವ್ವ, ಮಗೀನ ಎತ್ಕೊಳ್ಳೋ ಕೈ ಅದು."

"ಮತ್ತೆ ಶಾಸ್ತ್ರ?" ಎಂದೆ.

"ತಾಯಿಗೇ ಕಾಯಿಲೆ ಬಂದೈತೆ. ಶಾಸ್ತ್ರ ಯಾರಿಗ್ ಮಾಡ್ಲಿ?"

ಬಾಣಂತಿ ಬರಿಯ ಬಿಂದಿಗೆ ಹಿಡಿದು ಹೊಸಿಲು ದಾಟಬಾರದೆಂದು, ಅದನ್ನು ತಾವೇ ಸೊಂಟಕ್ಕಿಟ್ಟುಕೊಂಡು ತಮ್ಮ ಮನೆಯೊಳಗೆ ಹೋದರು. ಆಮೇಲೆ ಯಾರು ಕರೆದರೂ ಕೆರೆಗೆ ಹೋಗಲಿಲ್ಲ.

ಕೆರೆ ಬಿಟ್ಟ ಮೇಲೆ ನಲ್ಲಿಯ ಮುಂದೆ ಮಾಡುವ ಗಂಗೆಪೂಜೆಯನ್ನಷ್ಟೇ ನೀವು ಕಂಡವರು. ಅದಕ್ಕೇ ಇದನ್ನು ಬರೆದಿಟ್ಟಿದ್ದೇನೆ; ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ.