ನಿಮ್ಮ ಸೋಲನ್ನು ಐನೂರು ಪದಗಳಲ್ಲಿ ಬರೆಯಿರಿ

ನನ್ನ ಹೆಂಡತಿ ಅಫಿಯಾಂಗ್ ಬಿಸಿನೆಸ್ ಸ್ಕೂಲಿನ ಮೆಟ್ಟಿಲು ಹತ್ತಿದವಳಲ್ಲ. ಆದರೂ ಲೇಗೋಸಿನ ಸುರುಲೆರೆಯಲ್ಲಿರುವ ನಮ್ಮ ಮನೆಯಿಂದ ಅವಳು ಅಲ್ಲಿಗೆ ದಾಟಿಸಿದವರು ಮೂವತ್ತು ಜನರಿಗೆ ಕಡಿಮೆಯಿಲ್ಲ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಗೇಟು ಬಡಿಯುವುದು ಶುರುವಾಗುತ್ತದೆ. ಬ್ಯಾಂಕಿನವರು, ಔಷಧ ಕಂಪನಿಯವರು, ಟೆಲಿಫೋನ್ ಕಂಪನಿಯವರು, ಎಲ್ಲರೂ ಕೆಲಸದಲ್ಲಿದ್ದುಕೊಂಡೇ ಎಂಬಿಎ ಓದಬೇಕೆಂದು ಹೊರಟವರು. ಗೇಟು ತೆಗೆಯುವವನು ನಾನು. ಮೂವತ್ತೈದು ವರ್ಷ ಭೂಗೋಳ ಪಾಠ ಹೇಳಿ ನಿವೃತ್ತನಾದ ಎಫಿಯೋಮ್ ಮೇಷ್ಟರಿಗೆ ಸರ್ಕಾರ ಪಿಂಚಣಿ ಕೊಟ್ಟಿತು, ಹೆಂಡತಿ ಗೇಟಿನ ಕೆಲಸ ಕೊಟ್ಟಳು. ಎರಡರಲ್ಲಿ ತಪ್ಪದೆ ಬರುವುದು ಗೇಟಿನ ಕೆಲಸವೇ.

ಅವಳಿಗೆ ಈ ವಿದ್ಯೆ ಬಂದದ್ದು ಟೈಪ್ ಮಾಡಿ ಮಾಡಿ. ಒಂದು ಹಡಗು ಕಂಪನಿಯಲ್ಲಿ ಇಪ್ಪತ್ತೇಳು ವರ್ಷದಿಂದ ದೊಡ್ಡ ಸಾಹೇಬರ ಸೆಕ್ರೆಟರಿ. ಆರು ಜನ ಸಾಹೇಬರು ಬಂದರು, ಹೋದರು. ಕೈಕೆಳಗಿನ ಹುಡುಗರು ಶಿಫಾರಸು ಪತ್ರ ಕೇಳಿಕೊಂಡು ಬಂದರೆ ಆರೂ ಜನ ಹೇಳಿದ್ದು ಒಂದೇ ಮಾತು: "ಅಫಿಯಾಂಗ್, ನೀನೇ ಏನಾದ್ರೂ ಬರಿ, ನಾನು ಸೈನ್ ಹಾಕ್ತೀನಿ." ಅವಳು ಬರೆದಳು. ಯಾವ ಪತ್ರಕ್ಕೆ ಸೀಟು ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡಳು. ಊರಿಗೆ ಸುದ್ದಿ ಮುಟ್ಟಲು ಎಷ್ಟು ಹೊತ್ತು?

ಅವಳ ಪಾಠ ನೋಡಲು ಬಲು ಮಜಾ. ಫೊಲಾರಿನ್ ಎಂಬ ಬ್ಯಾಂಕಿನವನು ಟೈ ಕಟ್ಟಿಕೊಂಡೇ ಶನಿವಾರವೂ ಬರುತ್ತಿದ್ದ. ಅವನ ಪ್ರಬಂಧದ ಮೊದಲ ಸಾಲು, 'ತಾಯಿಯ ಗರ್ಭದಿಂದಲೇ ನಾನು ನಾಯಕ'. ಅಫಿಯಾಂಗ್ ಕೆಂಪು ಪೆನ್ಸಿಲ್ ಎತ್ತಿದಳು.

"ಗರ್ಭದಲ್ಲಿ ಯಾರಿಗಪ್ಪಾ ನಾಯಕ ಆಗಿದ್ದೆ? ನೀನು ಅವಳಿ-ಜವಳೀನಾ?"

"ಇಲ್ಲ ಆಂಟಿ, ಒಬ್ನೇ."

"ಹಾಗಾದ್ರೆ ಒಬ್ನೇ ಕೂತು ಯಾರ ಮೇಲೆ ದರ್ಬಾರು ಮಾಡ್ದೆ? ಹೊಡಿ ಗೀಟು. ಹೋದ ವಾರ ಬ್ಯಾಂಕಲ್ಲಿ ಏನು ಮಾಡ್ದೆ, ಅದನ್ನ ಬರಿ."

ಆಮೇಲೆ ಅವನು ಚೀಲದಿಂದ ಶಿಫಾರಸು ಪತ್ರ ತೆಗೆದ. ಅವರ ಊರಿನ ರಾಜರು ಬರೆದದ್ದು, ಚಿನ್ನದ ಬಣ್ಣದ ಮುದ್ರೆ ಬೇರೆ. 'ಈತನ ತಂದೆ ನನಗೆ ಚೆನ್ನಾಗಿ ಗೊತ್ತು' ಎಂದಿತ್ತು.

"ಎಂಬಿಎ ಮಾಡೋದು ನಿಮ್ಮಪ್ಪನಾ?" ಎಂದಳು ಅಫಿಯಾಂಗ್. "ದೊಡ್ಡವರ ಪತ್ರ ಬೇಡ ಕಣೋ. ನೀನು ಕೆಲಸ ಮಾಡೋದನ್ನ ಕಣ್ಣಾರೆ ನೋಡಿದವರ ಪತ್ರ ತಾ. ನಿನ್ನ ಮೇಲಿನ ಮ್ಯಾನೇಜರು ನಿನ್ನ ಬೈದಿದಾರಾ? ಒಳ್ಳೇದಾಯ್ತು, ಅವರ ಹತ್ರಾನೇ ಹೋಗು. ಬೈದವರಿಗೆ ನಿನ್ನ ಕೆಲಸ ಗೊತ್ತಿರುತ್ತೆ."

ಇಷ್ಟರವರೆಗೆ ಎಲ್ಲರೂ ದಾಟುತ್ತಾರೆ. ಮುಗ್ಗರಿಸುವುದು ಮುಂದಿನ ಪ್ರಶ್ನೆಯಲ್ಲಿ. 'ನಿಮ್ಮ ಬದುಕಿನ ಒಂದು ಸೋಲನ್ನು ಐನೂರು ಪದಗಳಲ್ಲಿ ಬರೆಯಿರಿ.' ನಮ್ಮ ಲೇಗೋಸಿನಲ್ಲಿ ಹೀಗೆ ಕೇಳುವುದೆಂದರೆ ಮದುವೆ ಮನೆಯಲ್ಲಿ ಹೆಣದ ಮಾತೆತ್ತಿದ ಹಾಗೆ. ಔಷಧ ಕಂಪನಿಯ ಉಜೊ ಎಂಬ ಹುಡುಗಿ ಪ್ರಶ್ನೆ ಓದಿದವಳೇ ತಲೆಯ ಸುತ್ತ ಕೈಯಾಡಿಸಿ ಚಿಟಿಕೆ ಹೊಡೆದಳು.

"ಬಿಡ್ತು ಅನ್ನಿ ಆಂಟಿ! ಸೋಲು ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ. ನಾಲಿಗೆ ಏನು ನುಡಿಯುತ್ತೋ ಅದೇ ಆಗುತ್ತೆ ಅಂತ ನಮ್ಮ ಪಾಸ್ಟರ್ ಹೇಳಿದಾರೆ."

"ನಾಲಿಗೆ ಯಾಕಮ್ಮ? ಪೆನ್ಸಿಲಲ್ಲಿ ಬರಿ."

ಉಜೊ ಒಂದು ಗಂಟೆ ಪೆನ್ಸಿಲ್ ಕಚ್ಚಿ ಬರೆದಳು: 'ನನ್ನ ದೋಷವೆಂದರೆ ನಾನು ಅತಿಯಾಗಿ ಕೆಲಸ ಮಾಡುತ್ತೇನೆ.'

"ಇದು ದೋಷ ಅಲ್ಲ, ಜಂಬ," ಎಂದಳು ನನ್ನ ಹೆಂಡತಿ. "ಅದಕ್ಕೆ ಮುಖ ತೊಳೆಸಿ ಪೌಡರ್ ಹಾಕಿ ಕಳಿಸಿದೀಯ ಅಷ್ಟೇ. ನಿಜವಾಗಿ ಬಿದ್ದಿದ್ದು ಬರಿ. ಎಲ್ಲಿ ಬಿದ್ದೆ, ಯಾರ ತಪ್ಪು, ಎದ್ದಿದ್ದು ಹೇಗೆ. ಬೀಳದೇ ಇರೋರಿಗೆ ಸ್ಕೂಲು ಯಾಕೆ ಬೇಕು?"

ಇಂಥ ಮಾತು ಕೇಳಿದಾಗಲೆಲ್ಲ ನಾನು ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋಗುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು ನನ್ನದು. ಯಾಕೆಂದು ಈಗಲೇ ಹೇಳಿಬಿಡುತ್ತೇನೆ.

ಸಾವಿರದ ಒಂಬೈನೂರ ತೊಂಬತ್ತೇಳರಲ್ಲಿ ಅಫಿಯಾಂಗ್ ಅದೇ ಸ್ಕೂಲಿಗೆ ಅರ್ಜಿ ಹಾಕಿದ್ದಳು. ಆಗ ಅವಳಿಗೆ ಇಪ್ಪತ್ತಾರು, ನನಗೆ ಮೂವತ್ತೈದು. ಮೂರು ವಾರ ಕೂತು ಬರೆದಳು. ಒಂದು ಸೋಮವಾರ ಕಂದು ಲಕೋಟೆ ನನ್ನ ಕೈಗಿತ್ತು, "ಸೇತುವೆ ದಾಟಿ ಸ್ಕೂಲಿನ ಆಫೀಸಿಗೆ ಕೊಟ್ಟು ಬನ್ರೀ" ಎಂದಳು. ಬಸ್ ಸ್ಟಾಪಿನಲ್ಲಿ ಬಾದಾಮಿ ಮರದ ಕೆಳಗೆ ಸೀಸೆ ಮುಚ್ಚಳಗಳನ್ನೇ ಕಾಯಿ ಮಾಡಿಕೊಂಡು ಡ್ರಾಫ್ಟ್ ಎಂಬ ಮಣೆಯಾಟ ಆಡುತ್ತಿದ್ದರು. ನಮ್ಮ ಬೀದಿಗೆ ನಾನೇ ಚಾಂಪಿಯನ್. ಮುಶಿನ್ ಕಡೆಯ ಒಬ್ಬ ಮೆಕ್ಯಾನಿಕ್ ಬಂದು ನಮ್ಮವರನ್ನೆಲ್ಲ ಸೋಲಿಸಿ ಮೀಸೆ ತಿರುವುತ್ತ ಕೂತಿದ್ದ. ಬೀದಿಯ ಮಾನದ ಪ್ರಶ್ನೆ. ಲಕೋಟೆ ಹಾರಿಹೋಗದಿರಲೆಂದು ಬೆಂಚಿನ ಮೇಲಿಟ್ಟು ಅದರ ಮೇಲೇ ಕುಳಿತೆ. ಆರು ಆಟ ಆಡಿದೆ, ಐದು ಗೆದ್ದೆ. ಜನ ನನ್ನನ್ನು ಹೆಗಲ ಮೇಲೆ ಹೊತ್ತು ಬೀದಿಯ ಕೊನೆಯವರೆಗೆ ಮೆರವಣಿಗೆ ಮಾಡಿದರು. ಹೊತ್ತದ್ದು ನನ್ನನ್ನು, ಲಕೋಟೆಯನ್ನಲ್ಲ.

ಓಡಿ ಬಂದು ನೋಡಿದರೆ ಬೆಂಚು ಖಾಲಿ. ಹುಡುಕಿ ಸಾಕಾಗಿ, ಹೊಟ್ಟೆ ಹಸಿದು, ಅಲ್ಲೇ ಅಲಸಂದೆ ರುಬ್ಬಿ ಅಕಾರಾ ಕರಿಯುತ್ತಿದ್ದ ಹೆಂಗಸಿನ ಹತ್ತಿರ ನಾಲ್ಕು ತೆಗೆದುಕೊಂಡೆ. ಎರಡು ತಿಂದ ಮೇಲೆ ಎಣ್ಣೆ ಹೀರಿದ ಕಾಗದದ ಮೇಲೆ ಪರಿಚಯದ ಅಕ್ಷರ ಕಂಡಿತು. 'ಹತ್ತು ವರ್ಷಗಳ ನಂತರ ನಾನು' ಎಂದು ಶುರುವಾಗುವ ಎರಡನೆಯ ಪುಟ. ಮಿಕ್ಕ ಪುಟಗಳು ಆಗಲೇ ಬೇರೆಯವರ ತಿಂಡಿ ಹೊತ್ತು ಊರೆಲ್ಲ ಹಂಚಿಹೋಗಿದ್ದವು.

ಮನೆಗೆ ಬಂದೆ. "ಕೊಟ್ರಾ?" ಎಂದಳು. "ಕೊಟ್ಟೆ" ಎಂದೆ. ಅವಳು ಉತ್ತರಕ್ಕೆ ಕಾದಳು. ಆರು ತಿಂಗಳು ದಿನಾ ಆಫೀಸಿನಿಂದ ಬಂದು ಮೊದಲು ಟಪಾಲು ನೋಡುತ್ತಿದ್ದಳು. ಆಮೇಲೆ ನೋಡುವುದನ್ನು ನಿಲ್ಲಿಸಿದಳು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನಾನು ಇಪ್ಪತ್ತಾರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಹೋದ ವರ್ಷ ಅವಳ ಏಳನೆಯ ಸಾಹೇಬರಾಗಿ ಒಬ್ಬ ಹೆಂಗಸು ಬಂದಳು. ಬಂದ ತಿಂಗಳಲ್ಲೇ ಅಫಿಯಾಂಗಳನ್ನು ಕರೆದು, "ಎಲ್ಲರ ಪತ್ರ ನೀವೇ ಬರೀತೀರಂತೆ. ನಿಮ್ಮ ಪತ್ರ ನಾನು ಬರೀತೀನಿ, ನೀವು ಹೋಗಿ" ಎಂದಳಂತೆ. ಕೆಲಸದಲ್ಲಿರುವವರಿಗೆ ಶನಿವಾರಗಳಲ್ಲಿ ನಡೆಯುವ ಕೋರ್ಸು, ಖರ್ಚು ಕಂಪನಿಯದು. ಆದರೆ ಐವತ್ತೆರಡು ದಾಟಿದವರನ್ನು ಕಂಪನಿ ಕಳಿಸುವುದಿಲ್ಲ. ಅವಳಿಗೆ ಆಗ ಐವತ್ತೆರಡು. ಆ ವರ್ಷ ಇಲ್ಲವೆಂದರೆ ಮತ್ತೆಂದೂ ಇಲ್ಲ.

ಊರಿಗೆಲ್ಲ ಉಪದೇಶ ಮಾಡಿದವಳು ಈಗ ತಾನೇ ಪೆನ್ಸಿಲ್ ಕಚ್ಚುತ್ತ ಕೂತಳು. ಮೂರು ವಾರವಾದರೂ ಸೋಲಿನ ಪುಟ ಖಾಲಿ. ನಾಲ್ಕನೆಯ ಶನಿವಾರ ಶಿಷ್ಯರ ಕೈಗೆ ಒಂದು ಹಾಳೆ ಕೊಟ್ಟಳು. 'ನನ್ನ ದೋಷವೆಂದರೆ ಬೇರೆಯವರಿಂದ ನಾನು ಅತಿಯಾದ ಅಚ್ಚುಕಟ್ಟನ್ನು ಬಯಸುತ್ತೇನೆ.' ಫೊಲಾರಿನ್ ಓದಿದ, ಟೈ ಸಡಿಲ ಮಾಡಿಕೊಂಡ, ಉಜೊ ಕಡೆ ನೋಡಿದ.

"ಆಂಟಿ, ಬೇಜಾರು ಮಾಡ್ಕೋಬೇಡಿ. ಇದಕ್ಕೆ ಪೌಡರ್ ಸ್ವಲ್ಪ ಜಾಸ್ತಿ ಆಯ್ತು."

ನಾನು ಅಡುಗೆಮನೆಯಲ್ಲಿ ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕೆ. ಆ ನಗು ಉಳಿದದ್ದು ಗುರುವಾರದವರೆಗೆ ಮಾತ್ರ. ಗುರುವಾರ ಸಂಜೆ ಹೊಸ ಹಾಳೆ ನನ್ನ ಮುಂದಿಟ್ಟು, "ಕಾಗುಣಿತ ನೋಡ್ರಿ ಮೇಷ್ಟ್ರೇ, ಶನಿವಾರ ಮಧ್ಯಾಹ್ನ ಕೊನೇ ಗಡುವು" ಎಂದಳು. ಅದರಲ್ಲಿ ಹೀಗಿತ್ತು: 'ಇಪ್ಪತ್ತಾರು ವರ್ಷದ ಹಿಂದೆ ನಾನು ಇದೇ ಶಾಲೆಗೆ ಅರ್ಜಿ ಹಾಕಿದ್ದೆ. ಬೇಡ ಎಂದು ಹೇಳುವ ಪತ್ರ ಕೂಡ ಬರಲಿಲ್ಲ. ಒಂದು ಅಂಚೆಚೀಟಿಗೂ ನಾನು ಯೋಗ್ಯಳಲ್ಲ ಎಂದುಕೊಂಡೆ. ಹೋಗಿ ಯಾಕೆಂದು ಕೇಳಲಿಲ್ಲ. ಅಂದಿನಿಂದ ಬೇರೆಯವರನ್ನು ಆ ಬಾಗಿಲವರೆಗೆ ಬಿಟ್ಟು ಹಿಂದಿರುಗುತ್ತಿದ್ದೇನೆ.'

ಹೇಳಿದರೆ, ಗಡುವಿಗೆ ಎರಡು ದಿನ ಇರುವಾಗ ಅವಳ ಪ್ರಬಂಧದ ಬುಡವೇ ಹೋಗುತ್ತದೆ. ಹೇಳದಿದ್ದರೆ, ನನ್ನ ಸುಳ್ಳನ್ನು ಅವಳು ತನ್ನ ಹೆಸರಿನಲ್ಲಿ ಕಳಿಸುತ್ತಾಳೆ. ಹೇಳದಿರುವುದೇ ವಾಸಿ ಎಂದು ತೀರ್ಮಾನ ಮಾಡಿ ಹಾಳೆಯನ್ನು ಹಾಗೇ ಹಿಂದೆ ಕೊಟ್ಟೆ. ಕೆಟ್ಟದ್ದು ಅಲ್ಲೇ.

"ಒಂದು ತಪ್ಪೂ ಸಿಗಲಿಲ್ವಾ ನಿಮಗೆ?" ಎಂದು ನನ್ನ ಹಣೆ ಮುಟ್ಟಿದಳು. "ಮದುವೆ ಕಾಗದದಲ್ಲೇ ಮೂರು ತಪ್ಪು ಹುಡುಕಿದವರು ನೀವು. ಜ್ವರ ಬಂದಿದ್ಯಾ? ಏನು ಮುಚ್ಚಿಡ್ತಿದೀರಿ?"

ಹೇಳಿಬಿಟ್ಟೆ. ಡ್ರಾಫ್ಟ್ ಆಟ, ಮೆಕ್ಯಾನಿಕ್, ಮೆರವಣಿಗೆ, ಅಕಾರಾ, ಎಲ್ಲ. ಅವಳು ಕೈಯಲ್ಲಿದ್ದ ಹಾಳೆ ಕೆಳಗಿಟ್ಟಳು.

"ಯಾವ ಪುಟ?"

"ಎರಡನೇದು."

"ತಿಂದ್ರಾ?"

"ಪುಟಾನಾ?"

"ಅಕಾರಾ."

"ಎರಡು ಆಗ್ಲೇ ತಿಂದಿದ್ದೆ. ಇನ್ನೆರಡು..." ಎಂದು ತಡವರಿಸಿದೆ. ಇನ್ನೆರಡನ್ನೂ ತಿಂದಿದ್ದೆ.

ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ನಾನು ದೊಡ್ಡ ಮನಸ್ಸಿನವನಂತೆ, "ಪ್ರಬಂಧ ಬದಲಾಯಿಸು. ತಪ್ಪು ನಂದು ಅಂತಾನೇ ಬರಿ, ನಾನು ಸಾಕ್ಷಿ ಹೇಳ್ತೀನಿ" ಎಂದೆ.

ಗಿರ್ರನೆ ತಿರುಗಿದಳು. "ಅವತ್ತು ಅರ್ಜಿ ತಗೊಂಡ್ರಿ. ಇವತ್ತು ನನ್ನ ಸೋಲನ್ನೂ ತಗೋತೀರಾ? ಹೋಗಿ ಕೇಳದೇ ಇದ್ದಿದ್ದು ನಾನು. ಅದು ನಂದು. ನಿಮ್ಮದು ಬೇರೆ ಇದೆ, ಅದರ ಲೆಕ್ಕ ಆಮೇಲೆ."

ಒಂದಕ್ಷರ ಬದಲಿಸಲಿಲ್ಲ. ಶನಿವಾರ ಕಂಪ್ಯೂಟರಿನಲ್ಲಿ ಅರ್ಜಿ ಕಳಿಸುವಾಗ ನಾನು ಸಹಾಯಕ್ಕೆಂದು ಹತ್ತಿರ ಹೋದೆ. "ಮುಟ್ಟಬೇಡಿ," ಎಂದಳು. "ನಿಂತ ಕಡೆ ನಿಂತಿರಿ. ಕೂರಲೂ ಬೇಡಿ."

ಮುಂದಿನ ಆರು ವಾರ ನನ್ನ ತಟ್ಟೆಗೆ ಅಫಾಂಗ್ ಸೊಪ್ಪಿನ ಸಾರು ಬಂತು, ಅದರೊಳಗಿನ ಮೀನು ಬರಲಿಲ್ಲ. ಮೀನು ಫೊಲಾರಿನ್‌ಗೆ ಹೋಗುತ್ತಿತ್ತು. ಅವನು ಚಪ್ಪರಿಸಿ ತಿನ್ನುತ್ತ, "ಅಂಕಲ್, ನೀವು ಮೀನು ಬಿಟ್ರಾ? ಹಾರ್ಟಿಗೆ ಒಳ್ಳೇದು" ಎನ್ನುತ್ತಿದ್ದ. ಅವನಿಗೆ ಸೀಟು ಸಿಗಬಾರದೆಂದು ನಾನು ಮನಸ್ಸಿನಲ್ಲೇ ಬೇಡಿಕೊಂಡದ್ದುಂಟು. ಸಿಕ್ಕಿತು, ಹಾಳಾಗಿ ಹೋಗಲಿ.

ಅಫಿಯಾಂಗಳಿಗೂ ಸಿಕ್ಕಿತು. ಸಂದರ್ಶನದಲ್ಲಿ ಒಬ್ಬರು, "ಈಗ ಬಂದು ಕೇಳಬೇಕು ಅನ್ನಿಸಿದ್ದು ಯಾಕೆ?" ಎಂದರಂತೆ. "ಕೇಳೋಕೆ ಇನ್ನೊಂದು ವರ್ಷ ಉಳಿದಿಲ್ಲ ಸಾರ್" ಎಂದಳಂತೆ. ಪತ್ರ ಬಂದ ವಾರದ ಭಾನುವಾರ ಮನೆ ತುಂಬ ಜನ, ಹಾಡು, ಕುಣಿತ. ಎಲ್ಲರೂ ಹೋದ ಮೇಲೆ ಊಟದ ಮೇಜು ಒರೆಸಿ ನನ್ನ ಮುಂದೆ ಬಿಳಿ ಹಾಳೆ ಇಟ್ಟಳು.

"ಈಗ ನಿಮ್ಮದು. ಐನೂರು ಪದ."

ಮಕ್ಕಳಿಗೆ ಬರೆಸಿದವನಿಗೆ ಬರೆಯುವುದು ಕಷ್ಟವೇ ಎಂದು ಶುರುಮಾಡಿದೆ. 'ದುರದೃಷ್ಟವಶಾತ್ ಅರ್ಜಿ ಕಳೆದುಹೋಯಿತು.' ಅವಳು ಗೀಟು ಹಾಕಿದಳು. "ಅದಕ್ಕೆ ಕಾಲಿತ್ತಾ, ತಾನಾಗೇ ಹೋಗೋಕೆ?" 'ಅರ್ಜಿಯನ್ನು ನಾನು ಕಳೆದೆ' ಎಂದು ತಿದ್ದಿದೆ. ಮೆಕ್ಯಾನಿಕ್ಕಿನ ಮೀಸೆಗೆ ಗೀಟು. ಬೀದಿಯ ಮಾನಕ್ಕೆ ಗೀಟು. ಐದು ಗೆಲುವಿಗೆ ಎರಡು ಗೀಟು. ಮೂರನೆಯ ಸಲಕ್ಕೆ ಹಾಳೆಯ ಮೇಲೆ ಎರಡೇ ವಾಕ್ಯ ಉಳಿದವು: ಅರ್ಜಿಯನ್ನು ನಾನು ಕಳೆದೆ. ಕೊಟ್ಟೆ ಎಂದು ಹೇಳಿದೆ.

"ಇಷ್ಟೇ ತಾನೆ ಆಗಿದ್ದು?" ಎಂದು ಏಳಲು ಹೋದೆ.

"ಕೂತ್ಕೊಳಿ. ನೀವು ಹೋಗಿದ್ದು ಸೋಮವಾರ. ಕೊನೇ ದಿನ ಶುಕ್ರವಾರ. ನಕಲು ನನ್ನ ಪೆಟ್ಟಿಗೆಯಲ್ಲಿತ್ತು. ಇನ್ನೊಂದು ಅರ್ಜಿ ತುಂಬೋಕೆ ನನಗೆ ಒಂದು ಸಂಜೆ ಸಾಕಿತ್ತು. ಬೈತಿದ್ದೆ, ಸರಿ, ಆದ್ರೆ ಬರೀತಿದ್ದೆ. ನಾಲ್ಕು ದಿನ ಸುಮ್ಮನಿದ್ರಲ್ಲ, ಯಾಕೆ?"

ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೇಳಿಕೊಂಡು, ಪ್ರತಿ ಸಲವೂ ಬೈಗುಳದ ಭಯ ಎಂದು ಉತ್ತರ ಕೊಟ್ಟುಕೊಂಡಿದ್ದೆ. ಇವಳು ಬೈಯುವುದು ನನಗೆ ಹೊಸದೇನಲ್ಲ. ಆ ವರ್ಷ ನನಗೆ ಹೆಡ್‌ಮಾಸ್ತರಿಕೆ ತಪ್ಪಿತ್ತು, ಅವಳ ಸಂಬಳ ನನ್ನದನ್ನು ಆಗಲೇ ದಾಟಿತ್ತು. ಅವಳು ಎದ್ದು ಹೋಗಲಿಲ್ಲ. ಕೊನೆಗೆ ಬರೆದೆ: 'ಅವಳು ನನಗಿಂತ ದೊಡ್ಡವಳಾಗುತ್ತಾಳೆ ಎಂದು ಹೆದರಿದೆ. ಆ ಎಣ್ಣೆ ಕಾಗದ ನೋಡಿದಾಗ ನನಗೆ ಒಳಗೊಳಗೇ ಸಮಾಧಾನವಾಯಿತು.'

ಬರೆದದ್ದನ್ನು ಅವಳ ಕಡೆ ತಳ್ಳಿದೆ. ಮುಖ ನೋಡಲು ಧೈರ್ಯವಾಗಲಿಲ್ಲ. ಅವಳು ಒಂದು ಸಲ ಓದಿದಳು. ಇನ್ನೊಂದು ಸಲ ಓದಿದಳು. ಗೀಟು ಬೀಳುವ ಸದ್ದು ಬರಲಿಲ್ಲ.

"ಹೆದರಿದ್ದು ಸರಿಯಾಗೇ ಇದೆ ಮೇಷ್ಟ್ರೇ," ಎಂದಳು. "ಆಗ್ತೀನಿ."