ಪಕ್ಕದ ಸೀಟಿನ ಅಳತೆ

ಎರಡೇ ಸೀಟಿನ ಆ ಪುಟ್ಟ ಸ್ಪೋರ್ಟ್ಸ್ ಕಾರು ಮೆಕ್ಯಾನಿಕ್‌ನ ಸ್ವಂತದ್ದು. ಏರು ಬಂದರೆ ಸಾಕು, ಏದುಸಿರು ಬಿಡುತ್ತಿತ್ತು. ಪಕ್ಕದಲ್ಲಿ ಕೂತ ಗಿಡ್ಡ ಹೆಂಡತಿ ಛೇಡಿಸುತ್ತಿದ್ದಳು: "ಇಳಿದು ತಳ್ಳಲೇನ್ರೀ? ಊರವರಿಗೆಲ್ಲ ಎಂಜಿನ್ ಕೂರಿಸಿಕೊಡ್ತೀರಿ, ಇದಕ್ಕೊಂದು ದೊಡ್ಡದು ಹಾಕ್ಬಾರ್ದಾ?"

ಅವಳ ಕಾಟ ತಾಳಲಾರದೆ ಅವನು ಕೆಲಸಕ್ಕೆ ಕೈಹಚ್ಚಿದ. ದೊಡ್ಡ ಎಂಜಿನ್ನಿನ ಜೋರಿಗೆ ಚಕ್ರ ಕಿತ್ತುಹೋದರೆ ಇವಳ ಗತಿಯೇನು ಎಂದು ಮೊದಲು ಚಕ್ರಗಳನ್ನು ಅಚ್ಚಿಗೆ ಹಿಡಿದಿಡುವ ಗಟ್ಟಿ ಹಬ್ ಹಾಕಿದ. ಆಮೇಲೆ ಅವಳ ಕೈಗೆ ಟಾರ್ಚ್ ಕೊಟ್ಟು, ಅವಳ ಸೀಟಿನಲ್ಲಿ ತಾನು ಕೂತು, ತನ್ನ ಉದ್ದನೆಯ ಕೊಕ್ಕರೆ ಕಾಲು ಚಾಚಿ ಅಳತೆ ನೋಡಿದ. ಎಂಜಿನ್ ಹಿಡಿಸಬೇಕಾದರೆ ಅವಳ ಸೀಟಿಗೂ ಎಂಜಿನ್ನಿಗೂ ನಡುವಿನ ತಗಡನ್ನು ಒಳಕ್ಕೆ ತರಬೇಕು. ತಂದರೆ ಕಾಲಿಡಲು ಜಾಗವೇ ಇಲ್ಲ.

"ಕಾಲನ್ನೇನು ತಲೆ ಮೇಲಿಟ್ಕೋತೀಯಾ?" ಎಂದು ರೇಗಿ ಕೆಲಸ ಕೈಬಿಟ್ಟ.

"ಮಡಚ್ಕೊಂಡು ಕೂರ್ತೀನಿ ಬಿಡ್ರೀ" ಎಂದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳು ಕಾಯಿಲೆ ಬಿದ್ದು ತೀರಿಕೊಂಡ ಮೇಲೆ, ಇನ್ನು ಆ ಸೀಟಿನಲ್ಲಿ ಯಾರು ಕೂರಬೇಕಾಗಿದೆ ಎಂದುಕೊಂಡು ಹಳೇ ತಗಡು ಕೊಯ್ದು ಇನ್ನಷ್ಟು ಒಳಗೆ ಹೊಸದು ಹಾಕಿದ, ದೊಡ್ಡ ಎಂಜಿನ್ ಕೂರಿಸಿದ. ಕೊನೆಗೆ ಅವಳ ಕಡೆಯ ಹಳೇ ಮ್ಯಾಟನ್ನು, ತಗಡಿಗೆ ತಾಗಿದಲ್ಲಿ ಮಡಚಿ, ಮತ್ತೆ ಹಾಸಿದ. ಅವಳ ಹಿಮ್ಮಡಿ ಸವೆಸಿದ ಎರಡು ಗುರುತು ಅದರಲ್ಲಿ ಹಾಗೇ ಇದ್ದವು. ಅವನು ಬಗ್ಗಿ ನೋಡಿದ. ಆ ಗುರುತುಗಳಿಂದ ಹೊಸ ತಗಡಿನವರೆಗೆ ಗೇಣಿಗಿಂತ ಹೆಚ್ಚು ಜಾಗವಿತ್ತು. ಅವಳ ಪುಟ್ಟ ಪಾದಕ್ಕೆ ಅಷ್ಟು ಧಾರಾಳವಾಗಿ ಸಾಕು.

ಅಂದು ಅವಳು ಟಾರ್ಚ್ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಒಮ್ಮೆ "ನೀನೇ ಕೂತು ನೋಡೇ" ಅಂದಿದ್ದರೆ ಆಗುತ್ತಿತ್ತು.